ಚಿಕ್ಕತಾಯಮ್ಮನ ಅರವತ್ತು ಎಲೆ

ನೆಂಟರು ಬರಲಿ, ಇನ್ನೂ ಬರಲಿ, ಬಂದವರು ಹೋಗದೆ ಉಳಿಯಲಿ ಎಂದು ಮನಸಾರೆ ಹಾರೈಸುವವರು ಈ ಲೋಕದಲ್ಲಿ ಎರಡೇ ಬಗೆ. ಒಂದು, ಮರುದಿನ ಪರೀಕ್ಷೆ ಇರುವ ಮಕ್ಕಳು. ಇನ್ನೊಂದು, ಲಾಡ್ಜಿನ ಮ್ಯಾನೇಜರುಗಳು. ಉಳಿದ ಮನುಷ್ಯರೆಲ್ಲ ಬಾಗಿಲಲ್ಲಿ ನಿಂತವರ ಮುಖಕ್ಕಿಂತ ಮೊದಲು ನೋಡುವುದು ಅವರ ಕೈಯಲ್ಲಿರುವ ಚೀಲದ ಗಾತ್ರವನ್ನು. ಚೀಲ ಚಿಕ್ಕದಾದರೆ ಮುಖ ಅರಳುತ್ತದೆ. ದೊಡ್ಡದಾದರೆ ಮಾತು ಮಾತ್ರ ಅರಳುತ್ತದೆ. ನನ್ನ ಹೆಂಡತಿ ಶಾರದೆಯಂತೂ ಆಟೋ ಸದ್ದು ಕೇಳಿದರೆ ಸಾಕು, ಮೊದಲು ಹಾಲಿನ ಪಾತ್ರೆ ನೋಡಿ ಆಮೇಲೆ ಕಿಟಕಿ ನೋಡುವವಳು. ಅಂಥವಳ ಗಂಡನಾದ ನಾನು ಹಗಲಿಡೀ ರಸ್ತೆಯ ಕಡೆ ಕಣ್ಣು ನೆಟ್ಟು, ಯಾರಾದರೂ ದೊಡ್ಡ ದೊಡ್ಡ ಚೀಲ ಹೊತ್ತು ಬರಬಾರದೇ ಎಂದು ಕಾಯುತ್ತಿದ್ದೆ. ಮನೆಯಲ್ಲಿ ಒಂದು ಧರ್ಮ, ಕೆಲಸದಲ್ಲಿ ಇನ್ನೊಂದು ಧರ್ಮ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳದೆ ಇರುವುದುಂಟೆ? ಬಿದ್ದೆ. ಎತ್ತಿದವರೊಬ್ಬರಿದ್ದರು. ಅವರ ಕಥೆಯನ್ನು ಹೇಳಬೇಕೆಂದೇ ಇಷ್ಟು ಪೀಠಿಕೆ.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತು. ಶ್ರೀರಂಗಪಟ್ಟಣದಿಂದ ಬೆಳಗೊಳದ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ನದಿಗೆ ಕೂಗಳತೆಯ ದೂರದಲ್ಲಿ, ಹನ್ನೆರಡು ಕೋಣೆಗಳ ಒಂದು ಲಾಡ್ಜಿತ್ತು. ಅದರ ಮಾಲೀಕರು ಪಾಂಡವಪುರದ ಕಡೆಯ ಕೆಂಚೇಗೌಡರು. ಕಬ್ಬು ಬೆಳೆದು ಕೈ ಪಳಗಿದವರು. ಲಾಡ್ಜನ್ನೂ ಒಂದು ಬೆಳೆ ಎಂದೇ ತಿಳಿದು ಹಾಕಿದ್ದರು. ನಾನು ನಾಗಮಂಗಲದವನು. ಅಂಚೆಯ ಮೂಲಕ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತವನು. ಹನ್ನೆರಡು ತೆಳ್ಳನೆಯ ಪುಸ್ತಕಗಳು ಬಂದಿದ್ದವು. ಕೈವಸ್ತ್ರವನ್ನು ಹಂಸದ ಆಕಾರಕ್ಕೆ ಮಡಿಸುವುದನ್ನು ಅವುಗಳಲ್ಲಿ ಒಂದು ಪುಸ್ತಕ ಪೂರ್ತಿ ಕಲಿಸಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಉತ್ಸಾಹದಿಂದ ಕೈವಸ್ತ್ರ ಎಲ್ಲಿ ಎಂದು ಕೇಳಿದೆ. "ಕೈ ವರೆಸ್ಕಳಕಾ? ಅಗೋ, ಬಾವಿ ಕಟ್ಟೆ ಮೇಲೆ ಟವಲ್ ಅದೆ" ಎಂದು ಉತ್ತರ ಬಂತು. ಉತ್ತರ ಕೊಟ್ಟವರೇ ಚಿಕ್ಕತಾಯಮ್ಮ.

ಹಾಜರಿ ಪುಸ್ತಕದಲ್ಲಿ ಚಿಕ್ಕತಾಯಮ್ಮನ ಹೆಸರಿನ ಮುಂದೆ 'ಅಡಿಗೆ' ಎಂದು ಬರೆದಿತ್ತು. ಇಡೀ ಸಮುದ್ರಕ್ಕೆ 'ಉಪ್ಪುನೀರು' ಎಂದು ಚೀಟಿ ಅಂಟಿಸಿದ ಹಾಗೆ ಅದು. ಹೇಮಾವತಿ ದಡದ ಅಕ್ಕಿಹೆಬ್ಬಾಳಿನ ಹೆಂಗಸು. ಐವತ್ತೈದು ದಾಟಿತ್ತು. ಗಂಡ ತೀರಿಕೊಂಡ ಮೇಲೆ, ಒಬ್ಬಳೇ ಮಗಳು ಜಯಮ್ಮನನ್ನು ಬೆಳಗೊಳಕ್ಕೆ ಕೊಟ್ಟು, ಮಗಳಿಗೆ ಹತ್ತಿರವಾಗಲಿ ಎಂದು ಈ ಲಾಡ್ಜಿಗೆ ಬಂದು ಸೇರಿದ್ದರು. ತೆಳ್ಳನೆಯ ಮೈ, ಮೊಣಕಾಲಿಗಿಂತ ಕೊಂಚ ಕೆಳಗೆ ನಿಲ್ಲುವ ಸೀರೆ, ನೆತ್ತಿಯ ಮೇಲೆ ಬಿಗಿದ ತುರುಬು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದವನಲ್ಲ. ಅವರ ಮಾತನ್ನು ಯಾರಾದರೂ ಮೀರಿದ್ದನ್ನೂ ಕಂಡವನಲ್ಲ. ನಾನೊಬ್ಬ ಮೀರಿದೆ. ಅದು ಮುಂದೆ ಬರುತ್ತದೆ.

ಅವರ ಮೊದಲ ಕಟ್ಟಳೆ ಅರವತ್ತು ಎಲೆಯದು. ಮಧ್ಯಾಹ್ನಕ್ಕೆ ಅರವತ್ತು ಜನಕ್ಕೆ ಊಟ. ಹಿತ್ತಲಿನ ಬಾಳೆ ತೋಟದಲ್ಲಿ ಗಿಡ ನೋಯದ ಹಾಗೆ ಕೊಯ್ಯಬಹುದಾದದ್ದು ದಿನಕ್ಕೆ ಅಷ್ಟೇ ಎಲೆ ಎಂಬುದು ಅವರ ಲೆಕ್ಕ. ಅರವತ್ತು ಮುಗಿಯಿತೋ, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದು, "ಆಯ್ತು ಕಣ್ರಪ್ಪ, ನಾಳೆ ಬನ್ನಿ" ಎನ್ನುವರು. ಉಂಡ ಎಲೆ ಕೊಟ್ಟಿಗೆಯ ಎರಡು ಹಸುವಿಗೆ, ಪಾತ್ರೆ ತೊಳೆದ ನೀರು ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೆ, ಒಲೆಯ ಬೂದಿ ಮತ್ತೆ ಪಾತ್ರೆಗೆ. ಲಾಡ್ಜಿನ ಗೇಟಿನಿಂದ ಹೊರಗೆ ಹೋಗುವ ಕಸ ಎಂದರೆ ಹಳೆಯ ದಿನಪತ್ರಿಕೆ ಮಾತ್ರ. ಅದೂ ಕಡಲೆಕಾಯಿ ಮಾರುವವನಿಗೆ.

ಎರಡನೆಯ ಕಟ್ಟಳೆ ಬಾವಿಯದು. ಬಾವಿ ಕಟ್ಟೆಯ ಗೂಟಕ್ಕೆ ಅವರು ಒಂದು ಹಗ್ಗ ಕಟ್ಟಿದ್ದರು. ಅದರಲ್ಲಿ ಮೊಳಕ್ಕೊಂದರಂತೆ ಗಂಟು. ಬೆಳಗಾಗ ಎದ್ದವರೇ ತುದಿಗೆ ಕಲ್ಲು ಕಟ್ಟಿದ ಆ ಹಗ್ಗವನ್ನು ಇಳಿಬಿಟ್ಟು, ಎಷ್ಟನೆಯ ಗಂಟಿನವರೆಗೆ ನೆನೆದಿದೆ ಎಂದು ನೋಡುವರು. ಆ ದಿನ ಬಟ್ಟೆ ಒಗೆಯಬೇಕೋ ಬೇಡವೋ, ಅಂಗಳಕ್ಕೆ ನೀರು ಹಾಕಬೇಕೋ ಗುಡಿಸಿದರೆ ಸಾಕೋ ಎಲ್ಲವೂ ಆ ಗಂಟಿನ ಮೇಲೆ ನಿರ್ಧಾರ. ಎರಡು ದಿನ ತಂಗಿದ ಅತಿಥಿಯೊಬ್ಬರು ಹಾಸಿಗೆಯ ಹೊದಿಕೆ ಬದಲಾಯಿಸಿಲ್ಲ ಎಂದು ನನ್ನ ಹತ್ತಿರ ದೂರು ತಂದರು. ನಾನು ಬಾಗಿ ಬಳುಕಿ ಕ್ಷಮೆ ಕೇಳುತ್ತಿದ್ದಾಗ ಚಿಕ್ಕತಾಯಮ್ಮ ಬಂದು, "ನಿಮ್ಮನೇಲಿ ದಿನಾ ಒಗೀತೀರಾ ಸ್ವಾಮಿ?" ಎಂದು ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. ಅತಿಥಿಯವರು "ಇಲ್ಲ, ಹದಿನೈದು ದಿನಕ್ಕೊಮ್ಮೆ" ಎಂದು ಒಪ್ಪಿಕೊಂಡು, ಮತ್ತೆರಡು ದಿನ ಅದೇ ಹೊದಿಕೆಯ ಮೇಲೆ ಸುಖವಾಗಿ ಮಲಗಿದರು. ಎಷ್ಟೋ ವರ್ಷಗಳ ಮೇಲೆ ನಾನೊಂದು ಭಾರಿ ಹೋಟೆಲಿನಲ್ಲಿ ತಂಗಬೇಕಾಗಿ ಬಂತು. ಸ್ನಾನದ ಮನೆಯಲ್ಲಿ ಚಂದದ ಕಾರ್ಡು: ನೀರು ಉಳಿಸಿ, ಟವಲನ್ನು ಇನ್ನೊಮ್ಮೆ ಬಳಸಿ ಎಂದು. ಚಿಕ್ಕತಾಯಮ್ಮನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಕಾರ್ಡು ಮಾಡಿಸಿರಲಿಲ್ಲ ಅಷ್ಟೆ.

ಇದನ್ನೆಲ್ಲ ಈಗ ಮೆಚ್ಚುಗೆಯಿಂದ ಬರೆಯುತ್ತಿದ್ದೇನೆ. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೋಟೆಲು ಎಂದಮೇಲೆ ಬೆಳೆಯಬೇಕು, ನಿಂತಲ್ಲೇ ನಿಂತರೆ ಕೆಟ್ಟಿತು ಎಂಬುದು ನನ್ನ ಹನ್ನೆರಡು ಪುಸ್ತಕಗಳ ಒಟ್ಟು ಸಾರ. ಇಲ್ಲಿ ನೋಡಿದರೆ ಹಸಿದು ಬಂದವನನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುವ ಹೆಂಗಸು. ಒಂದು ದಿನ ತಡೆಯಲಾರದೆ, "ಅಮ್ಮ, ಬಂದ ಗಿರಾಕಿಯನ್ನು ವಾಪಸು ಕಳಿಸುವುದೆಂದರೆ ಲಕ್ಷ್ಮಿಯನ್ನೇ ಕಳಿಸಿದ ಹಾಗೆ" ಎಂದೆ.

"ಕಳುಸ್ತಾ ಇಲ್ಲ ಕಣಪ್ಪ ಮ್ಯಾನೇಜರಪ್ಪ, ನಾಳಿಕ್ ಕರೀತಾ ಇವ್ನಿ" ಎಂದರು ಅವರು. "ಅರವತ್ತರ ಮೇಲೆ ಬಂದೋನ್ಗೆ ಸಾರಿಗೆ ನೀರ್ ಉಯ್ದು ಬಡುಸ್ದೆ ಅನ್ನಿ, ಅವ ಇನ್ನೊಂದಪ ಈ ಕಡೆ ತಲೆ ಹಾಕಕಿಲ್ಲ. ಇವತ್ತು ಊಟ ಸಿಗದೆ ಓದೋನು ನಾಳೆ ಬಿರ್‌ಬಿರ್ನೆ ಬತ್ತಾನೆ."

ಅದು ನಿಜವೇ ಆಗಿತ್ತು. ಹನ್ನೊಂದೂವರೆಗೇ ಜನ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಆದರೆ ಕಣ್ಣೆದುರಿಗಿರುವ ಸತ್ಯವನ್ನು ನೋಡಬಾರದೆಂದರೆ ಡಿಪ್ಲೊಮಾ ಇರಬೇಕು. ನನ್ನ ಹತ್ತಿರ ಇತ್ತು.

ಹೀಗಿರುವಾಗ ಒಂದು ಬೇಸಿಗೆಯ ಶುರುವಿನಲ್ಲಿ ಬೆಂಗಳೂರಿನಿಂದ ಪ್ರವಾಸದ ಬಸ್ಸು ನಡೆಸುವವನೊಬ್ಬ ಬಂದ. ಸಫಾರಿ ಸೂಟು, ಕೈಯಲ್ಲಿ ಸೂಟ್‌ಕೇಸು, ಬಾಯಲ್ಲಿ ಏಲಕ್ಕಿ. ರಜೆಯ ತಿಂಗಳಲ್ಲಿ ಪ್ರತಿ ಭಾನುವಾರ ಅಣೆಕಟ್ಟು ನೋಡಲು ಹೋಗುವ ಐದು ಬಸ್ಸುಗಳನ್ನು ನಮ್ಮಲ್ಲಿ ಊಟಕ್ಕೆ ನಿಲ್ಲಿಸುತ್ತೇನೆ, ಕೋಣೆ ಹೆಚ್ಚಿಸಿದರೆ ರಾತ್ರಿ ತಂಗಲೂ ಜನ ಕೊಡುತ್ತೇನೆ ಎಂದ. ಕೆಂಚೇಗೌಡರ ಮೀಸೆ ತಾನಾಗಿಯೇ ಮೇಲಕ್ಕೆ ತಿರುಗಿತು. ನಾನಂತೂ ಆ ವಾರ ನೆಲದ ಮೇಲೆ ನಡೆಯಲಿಲ್ಲ. ಮೈಸೂರಿನಿಂದ ದೊಡ್ಡ ಹಾಳೆ ತರಿಸಿ, ಸ್ಕೇಲು ಹಿಡಿದು, ಇಪ್ಪತ್ತು ಹೊಸ ಕೋಣೆಗಳ ನಕ್ಷೆ ಬರೆದೆ. ಬಾಳೆ ತೋಟ ಇದ್ದ ಜಾಗಕ್ಕೆ ಸರಿಯಾಗಿ ಹೊಸ ಕಟ್ಟಡ. ಎಲೆಗೆ ಬದಲು ಒಮ್ಮೆ ಉಂಡು ಎಸೆಯುವ ಪ್ಲಾಸ್ಟಿಕ್ ತಟ್ಟೆ, ಪ್ಲಾಸ್ಟಿಕ್ ಲೋಟ. ನಕ್ಷೆಯನ್ನು ಅಡಿಗೆಮನೆಗೂ ಒಯ್ದು ಹೆಮ್ಮೆಯಿಂದ ಹರಡಿದೆ. ಚಿಕ್ಕತಾಯಮ್ಮ ಬಗ್ಗಿ ನೋಡಿದರು.

"ಚಂದಾಗ್ ಗೀಚಿದ್ದೀರಿ. ಬಾವಿನ ಕೇಳುದ್ರಾ?"

"ಬಾವಿಯನ್ನು ಏನು ಕೇಳುವುದಮ್ಮ?"

"ಇವಾಗ ನಾಲೆ ನಿಲ್ಸವ್ರೆ. ನಾಲೇಲಿ ನೀರಿಲ್ದಾಗ ಬಾವೀಲೂ ಇರಕಿಲ್ಲ. ನಮ್ ಅರವತ್ತು ಜನಕ್ಕೇ ಅದು ಏದುಸಿರು ಬುಡ್ತದೆ. ನೀವು ಮುನ್ನೂರ್ ಜನನ ಕರ್ಕಬತ್ತೀನಿ ಅಂತೀರಿ. ಅದ್ರನ್ನೂ ಒಂದ್ ಮಾತ್ ಕೇಳ್ಬೇಕಲ್ವಾ?"

ನಾನು ನಕ್ಕೆ. ಈಗಲೂ ನೆನೆದರೆ ಆ ನಗು ನನ್ನ ಮುಖದ ಮೇಲೆ ಕೆರೆಯುತ್ತದೆ.

ಬಂತು ಮೊದಲ ಭಾನುವಾರ. "ಅರವತ್ತು ಎಲೆ ನಾ ಬಡುಸ್ತೀನಿ, ಮಿಕ್ಕಿದ್ದು ನೀವುಂಟು ನಿಮ್ ಬಸ್ಸುಂಟು" ಎಂದು ಚಿಕ್ಕತಾಯಮ್ಮ ಮೊದಲೇ ಹೇಳಿಬಿಟ್ಟಿದ್ದರು. ನಾನು ಕೃಷ್ಣರಾಜಪೇಟೆಯಿಂದ ಮದುವೆ ಅಡಿಗೆಯವರನ್ನು ಕರೆಸಿದ್ದೆ. ಅವರು ಹೊತ್ತಿಗೆ ಮುಂಚೆ ಬಂದು ಬಾವಿಗೆ ಮೋಟಾರು ಹಚ್ಚಿ, ಅಕ್ಕಿ ತೊಳೆದದ್ದೇ ತೊಳೆದದ್ದು. ಹನ್ನೊಂದು ಗಂಟೆಗೆ ಮೋಟಾರು ಕೆಮ್ಮಿತು. ಹನ್ನೊಂದೂಕಾಲಿಗೆ ಕೆಸರು ಉಗುಳಿತು. ಹನ್ನೊಂದೂವರೆಗೆ ಸುಮ್ಮನಾಯಿತು. ಸರಿಯಾಗಿ ಆ ಹೊತ್ತಿಗೆ ಐದು ಬಸ್ಸುಗಳು ಒಂದರ ಹಿಂದೊಂದು ಹಾರನ್ನು ಬಾರಿಸಿಕೊಂಡು ಗೇಟಿನೊಳಗೆ ಬಂದವು. ನಾನು ಬಯಸಿದ್ದ ದೊಡ್ಡ ದೊಡ್ಡ ಚೀಲಗಳು, ಅವನ್ನು ಹೊತ್ತ ಮುನ್ನೂರು ಜನ, ಅವರಲ್ಲಿ ನೂರಕ್ಕೆ ಕಡಿಮೆಯಿಲ್ಲದ ಮಕ್ಕಳು. ಮುನ್ನೂರು ಜನರೂ ಮೊದಲು ಕೇಳಿದ ಪ್ರಶ್ನೆ ಒಂದೇ: ಕಕ್ಕಸು ಎಲ್ಲಿ?

ಮುಂದಿನದನ್ನು ವಿವರವಾಗಿ ಬರೆದರೆ ನಿಮ್ಮ ಊಟ ಕೆಡುತ್ತದೆ. ಬಚ್ಚಲ ಗುಂಡಿ ತುಂಬಿ ಅಂಗಳಕ್ಕೆ ಬಂತು ಎಂದಷ್ಟೇ ಹೇಳುತ್ತೇನೆ. ಉಂಡು ಬಿಸಾಕಿದ ಪ್ಲಾಸ್ಟಿಕ್ ತಟ್ಟೆಗಳು ಗಾಳಿಗೆ ಎದ್ದು, ಬೇಲಿ ದಾಟಿ, ಕೊಕ್ಕರೆಗಳ ಹಾಗೆ ಸಾಲಾಗಿ ನದಿಯ ಮೆಟ್ಟಿಲ ಕಡೆಗೆ ಹೊರಟವು. ಏಳನೆಯ ಕೋಣೆಯಲ್ಲಿ ಪುಣೆಯ ನಿವೃತ್ತ ಪ್ರೊಫೆಸರರೊಬ್ಬರು ಹೆಂಡತಿಯ ಜತೆ ತಂಗಿದ್ದರು. ಪ್ರತಿವರ್ಷ ಹಕ್ಕಿ ನೋಡಲು ಬಂದು ಹತ್ತು ದಿನ ಸದ್ದಿಲ್ಲದೆ ಇದ್ದು ಹೋಗುವವರು. ಮೈತುಂಬ ಸೋಪು ಹಚ್ಚಿಕೊಂಡಿದ್ದಾಗ ಅವರ ನಲ್ಲಿ ನಿಂತಿತು. ಆ ಸಾಧು ಮನುಷ್ಯ ಸೊಂಟಕ್ಕೊಂದು ಟವಲು ಸುತ್ತಿ, ತಲೆಯಿಂದ ಕಾಲಿನವರೆಗೆ ನೊರೆಯಲ್ಲಿ ಮುಚ್ಚಿಹೋಗಿ, ಕಣ್ಣು ಬಿಡಲಾಗದೆ, ಗೋಡೆ ಸವರುತ್ತ ಜಗಲಿಗೆ ಬಂದು "ಪಾನೀ, ಪಾನೀ" ಎಂದರು. ಬಸ್ಸಿನ ಮಕ್ಕಳು ಇದೂ ಪ್ರವಾಸದ ಒಂದು ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ನಾನು ಆಫೀಸಿನ ಮೇಜಿನ ಹಿಂದೆ ನಿಂತು, ನಾಗಮಂಗಲಕ್ಕೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೆ.

ಆಗ ಹಿತ್ತಲಿನಿಂದ ಚಿಕ್ಕತಾಯಮ್ಮ ಒಂದು ಕೊಡ ನೀರು ಹೊತ್ತು ಬಂದರು. ಮೊದಲು ಪ್ರೊಫೆಸರರ ತಲೆಯ ಮೇಲೆ ನಿಧಾನವಾಗಿ ಸುರಿದು, ಮಗುವಿಗೆ ಹೇಳುವ ಹಾಗೆ "ಕಣ್ ಬುಡಿ ಸ್ವಾಮಿ" ಎಂದರು. ಹೀಗಾಗುತ್ತದೆಂದು ಗೊತ್ತಿದ್ದ ಅವರು, ಮೋಟಾರು ಹಚ್ಚುವ ಮುಂಚೆಯೇ ಎದ್ದು ಎಂಟು ಹಂಡೆ ನೀರು ಸೇದಿ, ಮೇಲೆ ಬಾಳೆ ಎಲೆ ಮುಚ್ಚಿ ಇಟ್ಟಿದ್ದರು. ಆಮೇಲೆ ಮಕ್ಕಳನ್ನೆಲ್ಲ ಹೊಂಗೆಯ ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದರು. ದೊಡ್ಡವರನ್ನು ಕೈ ತೊಳೆಯಲು ಸಾಲಾಗಿ ಹೊಳೆಗೆ ಹೊರಡಿಸಿದರು. ಮೆಟ್ಟಿಲ ಹತ್ತಿರ ನಿಂತು, ಬಿದ್ದ ತಟ್ಟೆಗಳನ್ನು ತೋರಿಸಿ, ಯಾರನ್ನೂ ಬೈಯದೆ, "ಯಾರ್ ತಟ್ಟೆ ಯಾವ್ದು ಅಂತ ನಂಗೊತ್ತಿಲ್ಲ ಕಣ್ರವ್ವ. ಕಾವೇರವ್ವಂಗೂ ಗೊತ್ತಾಗಕಿಲ್ಲ. ಒಬ್ಬೊಬ್ರು ಎರಡೆರಡು ಎತ್ಕಬುಟ್ರೆ ಅವ್ಳ ಮಡ್ಲು ಎಂಜ್ಲಾಗಕಿಲ್ಲ" ಎಂದರು. ದಪ್ಪ ಮೀಸೆಯ ಒಬ್ಬ ಯಜಮಾನರು ಮೊದಲು ಬಗ್ಗಿದರು. ಅವರ ಹಿಂದೆ ಅವರ ಹೆಂಡತಿ. ಆಮೇಲೆ ಇಡೀ ಮೆಟ್ಟಿಲ ಸಾಲೇ ಬಗ್ಗಿತು. ಅರ್ಧ ಗಂಟೆಯಲ್ಲಿ ನದಿಯ ದಡದಲ್ಲಿ ಒಂದು ತಟ್ಟೆಯೂ ಇರಲಿಲ್ಲ. ನನ್ನ ಪುಸ್ತಕಗಳಲ್ಲಿ ಹಂಸ ಮಡಿಸುವುದಿತ್ತು; ಇನ್ನೂರು ಜನರ ಬೆನ್ನನ್ನು ಪ್ರೀತಿಯಿಂದ ಬಗ್ಗಿಸುವುದು ಯಾವ ಪುಟದಲ್ಲೂ ಇರಲಿಲ್ಲ.

ಸಂಜೆ ಗೌಡರ ಜೀಪು ಬಂತು. ಸುತ್ತ ನೋಡಿದರು. ಮೂಗಿಗೆ ಟವಲು ಹಿಡಿದರು. "ಏನ್ ಮ್ಯಾನೇಜ್ರೇ, ಲಾಡ್ಜ್ ನೋಡ್ಕಳಿ ಅಂತ ಬುಟ್ರೆ ದನಿನ್ ಸಂತೆ ಮಾಡ್ಬುಟ್ಟಿದ್ದೀರಲ್ರೀ!" ಎಂದರು. ನಾನು ರಾಜೀನಾಮೆಗೆ ಮನಸ್ಸಿನಲ್ಲೇ ಒಕ್ಕಣೆ ಹುಡುಕುತ್ತಿದ್ದೆ. ಚಿಕ್ಕತಾಯಮ್ಮ ಅಡಿಗೆಮನೆಯ ಬಾಗಿಲಿನಿಂದ ಈಚೆ ಬಂದರು. ಈಗ ನನ್ನ ಮಾನ ಪೂರ್ತಿ ಹರಾಜು ಎಂದುಕೊಂಡೆ.

"ತಪ್ಪು ನಂದೂ ಅದೆ ಗೌಡ್ರೇ" ಎಂದರು ಅವರು. "ಇಂಗಾಯ್ತದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂವೆ ಕೈಕಟ್ಕಂಡು ನೋಡ್ದೆ. ಅವ್ರು ಓದ್ದೋರು, ಒಸಬ್ರು. ಬಾವಿ ಬುದ್ಧಿ ಅವ್ರಿಗೆಂಗ್ ತಿಳಿಬೇಕು?"

ಗೆದ್ದವರು ಸೋತವನ ಪಕ್ಕ ಬಂದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಗೌಡರಿಗೂ ಏನನ್ನಿಸಿತೋ, ದನಿ ತಗ್ಗಿಸಿದರು. "ಅಂಗಾರೆ ಬೆಳೀಲೇಬಾರ್ದಾ ಚಿಕ್ಕತಾಯವ್ವ? ಹನ್ನೆರಡು ರೂಮ್‌ನಾಗೇ ಬಿದ್ದಿರದಾ?"

"ಬೆಳೀರಿ, ಯಾರ್ ಬ್ಯಾಡ ಅಂದೋರು? ನೀವು ಕಬ್ಬು ಬೆಳೆಯೋರು, ನಿಮಗ್ ನಾನೇನ್ ಯೋಳ್ಳಿ. ಕಬ್ಬು ಕಡಿವಾಗ ಬುಡ ಬುಟ್ಟು ಕಡೀತೀರಾ, ಬೇರ್ ಸಮೇತ ಕೀಳ್ತೀರಾ?"

"ಬುಡ ಬುಟ್ಟು."

"ಯಾಕೆ?"

"ಮುಂದಿನ್ ವರ್ಷಕ್ ಕೂಳೆ ಚಿಗುರ್ಲಿ ಅಂತ."

"ಇಲ್ಲೂ ಅಂಗೇಯ. ಬಾವಿ, ಬಾಳೆ, ಹೊಳೆ ಇದೇ ಬುಡ. ಇದ್ರನ್ನ ಕಿತ್ ಹಾಕಿ ರೂಮ್ ಕಟ್ಟುದ್ರೆ ಒಂದ್ ವರ್ಷ ಬೆಳೆ ಚೆಂದಾಗ್ ಬತ್ತದೆ. ಕೂಳೆ ಎಲ್ಲಿಂದ ತತ್ತೀರಿ?"

ಪುಸ್ತಕದಲ್ಲಿ ಓದಿದ್ದರೆ ಗೌಡರಿಗೆ ಅರ್ಥವಾಗುತ್ತಿರಲಿಲ್ಲ. ಕಬ್ಬಿನಲ್ಲಿ ಹೇಳಿದ್ದರಿಂದ ತಲೆಗೆ ಹೋಯಿತು. ಆದರೂ ಆಸೆ ಪೂರ್ತಿ ಬಿಡಲಿಲ್ಲ. ಸಂಕ್ರಾಂತಿಯವರೆಗೆ ನೋಡೋಣ, ಬೇರೆ ದಾರಿ ಕಾಣದಿದ್ದರೆ ಹಬ್ಬ ಕಳೆದು ಪಾಯ ತೆಗೆಯುವುದೇ ಸೈ ಎಂದು ಹೇಳಿ ನನ್ನ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಹೋದರು. ಅಂದಿನಿಂದ ಚಿಕ್ಕತಾಯಮ್ಮ ಬಾಳೆಗೆ ನೀರು ಬಿಡುವಾಗ ಒಂದೊಂದು ಗಿಡವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಕಂಡೂ ಕಾಣದವನಂತೆ ಇರುತ್ತಿದ್ದೆ. ಆ ಬಸ್ಸಿನವನಿಗೆ ಮತ್ತೆ ಬರಬೇಡಿ ಎಂದು ಫೋನಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಷ್ಟು ಸಂತೋಷವಾಗಿ ನಾನು ಯಾವ ಗಿರಾಕಿಯನ್ನೂ ಬೇಡ ಎಂದವನಲ್ಲ.

ದಾರಿ ಕಂಡದ್ದು ಡಿಸೆಂಬರಿನಲ್ಲಿ. ತೋರಿಸಿದ ಕೀರ್ತಿ ನನಗೇ ಸೇರಬೇಕು, ಏಕೆಂದರೆ ಅದು ಹುಟ್ಟಿದ್ದು ನನ್ನ ದಡ್ಡತನದಿಂದ. ಹುಬ್ಬಳ್ಳಿಯ ಕಡೆಯ ಮೂವತ್ತೆರಡು ಜನ ನಿವೃತ್ತ ಶಿಕ್ಷಕ, ಶಿಕ್ಷಕಿಯರು ಕೋಣೆ ಕಾದಿರಿಸಲು ಕಾಗದ ಬರೆದಿದ್ದರು. ಅದನ್ನು ನಾನು ಹೊಸ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಅದೇ ದಿನಕ್ಕೆ ಮಂಡ್ಯದ ಒಂದು ಮದುವೆಯ ದಿಬ್ಬಣದವರು ಕೇಳಿದರು. ಅದನ್ನು ಹಳೆಯ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಎರಡು ರಿಜಿಸ್ಟರುಗಳಿಗೂ ಪರಸ್ಪರ ಪರಿಚಯವಿರಲಿಲ್ಲ. ದಿಬ್ಬಣದವರು ಬೆಳಿಗ್ಗೆ ಬಂದು ಹನ್ನೆರಡು ಕೋಣೆಗಳಲ್ಲೂ ಸೀರೆ ಹರವಿದರು. ಮಧ್ಯಾಹ್ನ ಮೂರಕ್ಕೆ ಹುಬ್ಬಳ್ಳಿಯ ಬಸ್ಸು ಬಂತು. ಬಿಳಿ ಟೋಪಿ ಹಾಕಿದ ಹೆಡ್‌ಮಾಸ್ತರರು ಮೊದಲು ಇಳಿದು, "ನಮಸ್ಕಾರ್ರೀ ಮ್ಯಾನೇಜರ, ಭಾಳ ದೂರದಿಂದ ಬಂದೀವ್ರಿ. ಹಾಸಿಗಿ ಎಲ್ಲಿ ತೋರಸ್ರಿ, ನಮ್ಮ ಹೆಣ್ಮಕ್ಕಳ ಕಾಲು ಬಾತಾವ" ಎಂದರು.

ನಾನು ಆಫೀಸಿಗೆ ಹೋಗಲಿಲ್ಲ. ನೇರ ಅಡಿಗೆಮನೆಗೆ ಹೋದೆ. ಚಿಕ್ಕತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರ ಹತ್ತಿರ ನಾನು ಬಾಯಿ ಬಿಟ್ಟು ಸಹಾಯ ಕೇಳಿದ್ದು ಅದೇ ಮೊದಲು. ಅವರು ಬೈಯಲಿಲ್ಲ. "ವಯಸ್ಸಾದೋರಾ?" ಎಂದರು. ಹೌದೆಂದೆ. ಮೊರ ಪಕ್ಕಕ್ಕಿಟ್ಟು, ಕೈ ತೊಳೆದು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೋಗಿ ಆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. "ನಡೀರಿ, ಬೆಳಗೊಳಕ್ಕೆ. ನನ್ ಮಗಳ್ ಮನೆಗೆ."

ಬೆಳಗೊಳದಲ್ಲಿ ಮಗಳು ಜಯಮ್ಮನ ಮನೆಯ ಮುಂದೆ ಬಸ್ಸು ನಿಂತಾಗ ಬೀದಿಯೇ ನೆರೆಯಿತು. ಜಯಮ್ಮ ನಾಲ್ಕು ಜನರನ್ನು ಒಳಗೆ ಕರೆದಳು. ಉಳಿದವರಿಗಾಗಿ ಚಿಕ್ಕತಾಯಮ್ಮ ಮನೆಯಿಂದ ಮನೆಗೆ ನಡೆದರು. ನಾನು ಸೂಟ್‌ಕೇಸು ಹೊತ್ತು ಹಿಂದೆ ಹಿಂದೆ. ಎದುರು ಮನೆಯ ಪುಟ್ಟಮ್ಮ ಮಾತ್ರ ಬಾಗಿಲಿಗೆ ಅಡ್ಡ ನಿಂತರು.

"ಅಯ್ಯೋ, ಪ್ಯಾಟೆಯೋರು ಕಣಕ್ಕ. ನಮ್ಮನೇಲಿ ಎಂಗಿದ್ದಾರು? ಕಕ್ಕಸು ಇತ್ತಲಲ್ಲಿ ಅದೆ."

"ಬಾಗ್ಲದ್ಯಾ?"

"ಅದೆ."

"ಅಗುಳಿ?"

"ಮೊನ್ನೆ ಹಾಕ್ಸುದ್ವಿ."

"ಇನ್ನೇನು ಮತ್ತೆ!"

"ಮುದ್ದೆ ಉಂಡಾರಾ?"

"ಉಣ್ಣಕ್ಕೆ ಬರ್ದಿದ್ರೆ ಕಲುಸ್ಕೊಡು. ಮೇಷ್ಟ್ರುಗಳಂತೆ, ಬ್ಯಾಗ ಕಲೀತಾರೆ."

ಎಂಟು ಮನೆಗಳಲ್ಲಿ ಮೂವತ್ತೆರಡು ಜನ ಹಂಚಿಹೋದರು. ಮರುದಿನ ಬೆಳಿಗ್ಗೆ ನಾನು ಸೈಕಲ್ಲು ತುಳಿದುಕೊಂಡು, ದೂರುಗಳನ್ನು ಕೇಳಲು ಕಿವಿ ಗಟ್ಟಿ ಮಾಡಿಕೊಂಡು ಬೆಳಗೊಳಕ್ಕೆ ಹೋದೆ. ಬೀದಿಯಲ್ಲಿ ಇಬ್ಬರು ನಿವೃತ್ತ ಶಿಕ್ಷಕಿಯರು ಜಯಮ್ಮನ ಜತೆ ಕೂತು ರಂಗೋಲಿ ಹಾಕುತ್ತಿದ್ದರು. ಇನ್ನೊಬ್ಬರು ನಾಲೆಯ ಏರಿಯ ಮೇಲೆ ನಿಂತು ಹಸಿರು ಗದ್ದೆಯನ್ನು ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ನೀರು ಇಷ್ಟು ಹರಿಯುವುದನ್ನು ಅವರ ಊರಿನಲ್ಲಿ ಕಂಡಿರಲಿಲ್ಲವಂತೆ. ಪುಟ್ಟಮ್ಮನ ಮನೆಯಲ್ಲಿ ಒಲೆಯ ಮುಂದೆ ದೊಡ್ಡ ವಾಗ್ವಾದ ನಡೆದಿತ್ತು. ಹಿಂದಿನ ದಿನ ಹೆಡ್‌ಮಾಸ್ತರರು ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡಿದ್ದರು. "ಅಗೀಬ್ಯಾಡಿ ಸ್ವಾಮಿ, ನುಂಗಿ" ಎಂದು ಪುಟ್ಟಮ್ಮ. "ಅಗೀಲಾರದ ನುಂಗಬ್ಯಾಡ್ರಿ ಅಂತ ಮೂವತ್ತು ವರ್ಷ ಸಾಲ್ಯಾಗ ಹುಡುಗರಿಗೆ ಹೇಳೀನ್ರೀ ತಂಗಿ" ಎಂದು ಇವರು. ಕೊನೆಗೆ ಪುಟ್ಟಮ್ಮನೇ ಗೆದ್ದಂತೆ ಕಂಡಿತು. ಹೆಡ್‌ಮಾಸ್ತರರ ತಟ್ಟೆಯಲ್ಲಿದ್ದದ್ದು ಮೂರನೆಯ ಮುದ್ದೆ. ನನ್ನನ್ನು ಕಂಡವರೇ, "ನಿಮ್ಮ ಲಾಡ್ಜ್ ಭಾಳ ಛಲೋ ಐತ್ರೀ ಮ್ಯಾನೇಜರ" ಎಂದು ಹೊಗಳಿದರು. ಅವರು ನಮ್ಮ ಲಾಡ್ಜಿನ ಗೇಟನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಒಂದು ದಿನಕ್ಕೆಂದು ಬಂದವರು ಮೂರು ದಿನ ಇದ್ದರು. ಹೊರಟಾಗ ಪುಟ್ಟಮ್ಮ ಅತ್ತರು. ಮಡಿಲು ತುಂಬಿಸಿಕೊಂಡ ಶಿಕ್ಷಕಿಯರೂ ಅತ್ತರು. ಊರಿಗೆ ಹೋಗಿ ಅವರು ಬರೆದ ಕಾಗದಗಳ ಫಲವಾಗಿ ಹತ್ತು ದಿನದಲ್ಲಿ ಇನ್ನೆರಡು ತಂಡಗಳು ನಮಗೂ ಬೆಳಗೊಳದ ಮನೆಯೇ ಬೇಕು ಎಂದು ಕೇಳಿದವು. ನಾನು ಹಿಗ್ಗಿ, ಕೂಡಲೇ ಎಂಟು ಮನೆಯನ್ನು ಎಂಬತ್ತು ಮಾಡಲು ಸ್ಕೇಲು ಹುಡುಕಿದೆ. ಚಿಕ್ಕತಾಯಮ್ಮ ಕಟ್ಟಳೆ ಹೇಳಿದರು. ಒಂದು ಮನೆಗೆ ನಾಲ್ಕೇ ಜನ. ಬಂದ ಬಾಡಿಗೆಯಲ್ಲಿ ಮನೆಯವರಿಗೊಂದು ಪಾಲು, ಲಾಡ್ಜಿಗೊಂದು ಪಾಲು. ಮನೆಯವರು ಉಣ್ಣುವುದನ್ನೇ ಬಂದವರೂ ಉಣ್ಣಬೇಕು. ನಾಟಿಯಲ್ಲಿ, ಕುಯ್ಲಿನಲ್ಲಿ ಯಾರೂ ಬರುವ ಹಾಗಿಲ್ಲ. ಒಂದು ತಂಡ ಹೋದಮೇಲೆ ಆ ಮನೆಗೆ ಹದಿನೈದು ದಿನ ಬಿಡುವು. "ನೆಂಟ್ರು ಓದ್ಮೇಕೆ ಮನೆ ಉಸ್ರಾಡ್ಬೇಕು ಕಣಪ್ಪ. ಇಲ್ದಿದ್ರೆ ನೆಂಟ್ರ ಮೇಲೇ ಬ್ಯಾಸ್ರ ಬಂದ್ಬುಡ್ತದೆ" ಎಂದರು. ಶಾರದೆಗೆ ಇದನ್ನು ಹೇಳಿದಾಗ, "ಆ ಅಮ್ಮನನ್ನು ಒಮ್ಮೆ ನಮ್ಮ ಮನೆಗೂ ಕರೆದುಕೊಂಡು ಬನ್ನಿ, ನಿಮ್ಮ ಅಣ್ಣಂದಿರು ಇರುವಾಗಲೇ" ಎಂದಳು.

ಸಂಕ್ರಾಂತಿಗೆ ಗೌಡರು ನಕ್ಷೆಯ ಸುರುಳಿಯನ್ನು ಹಿಡಿದೇ ಬಂದರು. ಚಿಕ್ಕತಾಯಮ್ಮ ಅವರ ಕೈಗೆ ಎಳ್ಳು ಬೆಲ್ಲ ಕೊಟ್ಟು, ಜೀಪಿನಲ್ಲಿ ಬೆಳಗೊಳಕ್ಕೆ ಕರೆದೊಯ್ದು, ಪುಟ್ಟಮ್ಮನ ಮನೆಯಲ್ಲಿ ಊಟಕ್ಕೆ ಕೂರಿಸಿದರು. ಆ ದಿನ ಎರಡನೆಯ ತಂಡದವರು ಅಕ್ಕಪಕ್ಕದ ಮನೆಗಳ ಜಗಲಿಯ ಮೇಲೆ ಹಬ್ಬದ ಕಬ್ಬು ಸಿಗಿಯುತ್ತ ಕೂತಿದ್ದರು. ಗೌಡರು ಉಂಡು, ಕೈ ತೊಳೆದು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು. "ಇಟ್ಟಿಗೆ ಇಲ್ದೆ ಇಪ್ಪತ್ ರೂಮ್ ಕಟ್ಬುಟ್ಟೆಯಲ್ಲವ್ವ!" ಎಂದರು. ನಕ್ಷೆಯನ್ನು ಪುಟ್ಟಮ್ಮನ ಒಲೆಯ ಪಕ್ಕಕ್ಕೆ ಒರಗಿಸಿ ಎದ್ದರು. ಹಾಳೆ ದಪ್ಪನೆಯದು, ಚೆನ್ನಾಗಿ ಉರಿಯಿತಂತೆ.

ಆಮೇಲಿನ ನಾಲ್ಕೈದು ವರ್ಷಗಳಲ್ಲಿ ಬೂಕನಕೆರೆಯ ಎರಡು ಮನೆಗಳು ಸೇರಿದವು. ಅಕ್ಕಿಹೆಬ್ಬಾಳಿನಲ್ಲಿ ಚಿಕ್ಕತಾಯಮ್ಮನ ತಮ್ಮನ ಮನೆಗೆ ಪ್ಯಾಸೆಂಜರ್ ರೈಲಿನಲ್ಲೇ ಅತಿಥಿಗಳು ಬಂದು ಇಳಿಯತೊಡಗಿದರು. ಪುಟ್ಟಮ್ಮನ ಮನೆಯ ಸೋರುವ ಹೆಂಚು ಬದಲಾಯಿತು. ಮಾತೇ ಆಡದಿದ್ದ ಅವರ ಸೊಸೆ ಹುಬ್ಬಳ್ಳಿಯ ಮಾತು, ಹಿಂದಿಯ ನಾಲ್ಕು ಮಾತು ಕಲಿತು ಬೀದಿಗೇ ದುಭಾಷಿಯಾದಳು. ಪುಣೆಯ ಪ್ರೊಫೆಸರರು ಮತ್ತೆ ಬಂದರು. ಸೋಪು ಹಚ್ಚಿಕೊಳ್ಳುವ ಮುಂಚೆ ಬಕೆಟ್ಟು ತುಂಬಿಸಿಕೊಳ್ಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಒಳ್ಳೆಯ ಸುದ್ದಿಗೆ ಕಾಲು ನಿಧಾನ, ಆದರೆ ಮೈಸೂರಿಗೆ ತಲುಪಿತು. ಪ್ರವಾಸದ ಬಗ್ಗೆ ಏರ್ಪಡಿಸಿದ್ದ ಒಂದು ಸಭೆಯಲ್ಲಿ ಮಾತಾಡಲು ನಮಗೆ ಕರೆ ಬಂತು. ನೀವೇ ಬರಬೇಕೆಂದು ಚಿಕ್ಕತಾಯಮ್ಮನನ್ನು ಬೇಡಿದೆ. "ಅವತ್ತು ಅಪ್ಪಳ ಒಣಗಾಕ್ಬೇಕು. ನೀವೇ ಓಗ್ಬನ್ನಿ, ನಿಮಗೇನ್ ಕೆಲ್ಸ ಅದೆ" ಎಂದರು. ಹೋದೆ. ಅವರ ಹೆಸರನ್ನು ಏಳು ಸಲ ಹೇಳಿದೆ. ಆದರೆ ಚಪ್ಪಾಳೆ ಜೋರಾದಾಗ 'ನಾನು ಯೋಜಿಸಿದ ಈ ವ್ಯವಸ್ಥೆ' ಎಂಬ ಮಾತು ಒಂದೇ ಒಂದು ಸಲ ಬಾಯಿ ತಪ್ಪಿ ಬಂದುಬಿಟ್ಟಿತು. ಸಭೆಯವರು ಹಿಡಿದುಕೊಂಡದ್ದು ಅದೊಂದನ್ನೇ. ಹದಿನೈದು ದಿನಕ್ಕೆ ಮೂವರು ಅಧಿಕಾರಿಗಳು ಎಲ್ಲವನ್ನೂ ಕಣ್ಣಾರೆ ನೋಡಲು ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರನ್ನು ಬೆಳಗೊಳಕ್ಕೆ ಕರೆದೊಯ್ದೆ. ಪುಟ್ಟಮ್ಮ ಜಗಲಿಯ ಮೇಲೆ ಭತ್ತ ಕೇರುತ್ತಿದ್ದರು. ನಾನು ಸ್ವಲ್ಪ ಹಿಂದೆ, ವಿನಯವು ಎದ್ದು ಕಾಣುವ ಹಾಗೆ ನಿಂತೆ.

"ಏನಮ್ಮ, ಈ ಯೋಜನೆ ಮಾಡಿದ್ದು ಮ್ಯಾನೇಜರ್ ಸಾಹೇಬರೇ ಅಲ್ಲವೇ?" ಎಂದು ಹಿರಿಯ ಅಧಿಕಾರಿ ಕೇಳಿದರು.

"ಯಾವ ಮ್ಯಾನೇಜರು?" ಎಂದು ಪುಟ್ಟಮ್ಮ ಮೊರ ನಿಲ್ಲಿಸಿ ಯೋಚಿಸಿದರು. ಆಮೇಲೆ ಮುಖ ಅರಳಿತು. "ಓ, ಕನ್ನಡಕ ಹಾಕ್ಕಂಡು ಸೈಕಲ್ನಾಗ್ ಬತ್ತಾರಲ್ಲ, ಅವ್ರಾ? ಪಾಪ, ಬಲೇ ಒಳ್ಳೇವ್ರು ಕಣ್ ಸ್ವಾಮಿ. ಚಿಕ್ಕತಾಯಕ್ಕ ಯೋಳಿದ್ನೆಲ್ಲ ಒಂದೂ ಬುಡ್ದಂಗೆ ಬರ್ಕತಾರೆ."

ಅಧಿಕಾರಿಗಳು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ನನ್ನ ಕೆಲಸವನ್ನು ಇಷ್ಟು ನಿಖರವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ನೀವೇ ನೋಡಿ, ಇಷ್ಟು ಹೊತ್ತು ನಾನು ಇಲ್ಲಿ ಮಾಡಿದ್ದಾದರೂ ಇನ್ನೇನು?